ಅಂಚು, ಒಡಲು, ಸೆರಗು: ರೇಷ್ಮೆ ಸೀರೆಯ ಚಿತ್ತಾರಗಳೂ ಬಣ್ಣಗಳೂ

(ಶಿಡ್ಲಘಟ್ಟದಲ್ಲಿ ರೇಷ್ಮೆ ಬೆಳೆಗಾರರು, ನೂಲು ಬಿಚ್ಚುವವರು, ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಹಿರಿಯರಿಗೆ, ತಾಯಂದಿರಿಗೆ, ವಿದ್ಯಾರ್ಥಿ ಮಿತ್ರರಿಗೆ ನಮಸ್ಕಾರ.

ಈ ಊರಿನ ಮಾರುಕಟ್ಟೆಗೆ ಬರುವ ರೇಷ್ಮೆಗೂಡಿಗೆ ಇರುವುದು ಹೆಚ್ಚುಕಡಿಮೆ ಎರಡೇ ಬಣ್ಣ. ದ್ವಿತಳಿ ಗೂಡು ಬಿಳಿ, ಮಿಶ್ರತಳಿ ಗೂಡು ಹಳದಿ. ಆ ಹಳದಿಯೂ ಕೊನೆಯವರೆಗೆ ನಿಲ್ಲುವುದಿಲ್ಲ. ಸೋಪು, ಸೋಡಾ ಹಾಕಿದ ನೀರಿನಲ್ಲಿ ನೂಲನ್ನು ಬೇಯಿಸಿ ಅಂಟು ತೆಗೆದಾಗ ಬಣ್ಣದ ಬಹುಪಾಲು ಅಂಟಿನ ಜೊತೆಗೇ ಹೋಗಿಬಿಡುತ್ತದೆ; ಉಳಿಯುವುದು ಬೆಳ್ಳಗಿನ, ಹೊಳೆಯುವ ಎಳೆ. ಒಳ್ಳೆಯ ದ್ವಿತಳಿ ಗೂಡೊಂದರಿಂದ ಸುಮಾರು 1000 ಮೀಟರ್ ಉದ್ದದ ಎಳೆ ಬಿಚ್ಚಿಕೊಳ್ಳುತ್ತದೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಹಿಪ್ಪುನೇರಳೆ ತೋಟದಿಂದ ಹುಳು ಗೂಡು ಕಟ್ಟುವ ಚಂದ್ರಂಕಿಯವರೆಗೆ, ಚಂದ್ರಂಕಿಯಿಂದ ನೂಲಿನ ಲಡಿಯವರೆಗೆ ಎಲ್ಲವನ್ನೂ ಬಲ್ಲವರು ನೀವು. ಆದರೆ ಲಡಿ ಇಲ್ಲಿಂದ ಹೊರಟ ಮೇಲೆ ಅದರ ಮೇಲೆ ಏನೇನು ಬರೆಯಲಾಗುತ್ತದೆ, ಏಕೆ ಹಾಗೆ ಬರೆಯಲಾಗುತ್ತದೆ ಎಂಬ ಕಥೆ ಬೇರೆ ಊರುಗಳದ್ದು. ಕಾಂಚೀಪುರ, ಧರ್ಮಾವರಂ, ಇಳಕಲ್, ಮೊಳಕಾಲ್ಮೂರು, ವಾರಾಣಸಿಯಂಥ ನೇಕಾರ ಊರುಗಳಲ್ಲಿ ಬಣ್ಣ ಕುಡಿದು, ಚಿತ್ತಾರ ತುಂಬಿಕೊಂಡ ಬಟ್ಟೆ ಮದುವೆಯ ಸೀರೆಯಾಗಿ ನಮ್ಮ ಮನೆಗಳಿಗೆ ಬರುತ್ತದೆ. ಇಂದು ನಾನು ಮಾತನಾಡಬೇಕೆಂದಿರುವುದು ಆ ಬರಹವನ್ನು ಓದುವ ಬಗೆಯನ್ನು ಕುರಿತು.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ನವಿಲು ಎಂದರೆ ಸೌಂದರ್ಯ, ಆನೆ ಎಂದರೆ ಐಶ್ವರ್ಯ, ಕಮಲ ಎಂದರೆ ಪಾವಿತ್ರ್ಯ, ಕೆಂಪು ಎಂದರೆ ಸೌಭಾಗ್ಯ ಎನ್ನುವ ಪಟ್ಟಿಗಳನ್ನು ನೀವು ಅಂಗಡಿಗಳ ಕರಪತ್ರಗಳಲ್ಲಿಯೂ ಮೊಬೈಲ್ ಸಂದೇಶಗಳಲ್ಲಿಯೂ ಓದಿರುತ್ತೀರಿ. ಅವು ಸುಳ್ಳಲ್ಲ, ಆದರೆ ಅವುಗಳಿಂದ ಸೀರೆ ಓದಲು ಬರುವುದಿಲ್ಲ. ಚಿತ್ತಾರವೊಂದು ಸೀರೆಯ ಯಾವ ಭಾಗದಲ್ಲಿ ಕೂತಿದೆ, ಅದನ್ನು ಮಗ್ಗದ ಮೇಲೆ ಹೇಗೆ ನೇಯಲಾಗಿದೆ, ಆ ಸೀರೆಯನ್ನು ಯಾರು ಯಾವ ಸಂದರ್ಭದಲ್ಲಿ ಉಡುತ್ತಾರೆ ಎಂಬ ಮೂರನ್ನೂ ಕೂಡಿಸಿ ನೋಡಿದಾಗ ಮಾತ್ರ ಅದರ ಅರ್ಥ ತೆರೆದುಕೊಳ್ಳುತ್ತದೆ. ಅದೇ ನವಿಲು, ಅದೇ ಕೆಂಪು, ಬೇರೆ ಜಾಗದಲ್ಲಿ ಬೇರೆ ಮಾತನ್ನೇ ಆಡುತ್ತದೆ.

ಮೇಜಿನ ಮೇಲೆ ಹರಡಿರುವ ಸೀರೆಯನ್ನು ನೋಡಿ. ಇದು ಕಾಂಚೀಪುರದ ಹಳೆಯ ಸೀರೆ. ಒಡಲು ಅರಗಿನ ಕೆಂಪು, ಅಂಚು ಮತ್ತು ಸೆರಗು ಗಿಣಿ ಹಸಿರು. ದೂರದಿಂದ ನೋಡಿದವರಿಗೆ ಅಂಚಿನ ಗೋಪುರಗಳು ಮೊದಲು ಕಣ್ಣಿಗೆ ಬೀಳುತ್ತವೆ. ಅಂಚಿನ ಹಸಿರು ಚೂಪು ಚೂಪಾಗಿ ಕೆಂಪಿನೊಳಗೆ ಏರಿ ನಿಂತಿದೆ. ಈಗ ಅಂಚನ್ನು ತಿರುವಿ ಹಿಂಬದಿಯನ್ನು ನೋಡೋಣ. ಕೆಂಪು ಹೊಕ್ಕು, ಅಂದರೆ ಅಡ್ಡಕ್ಕೆ ಓಡುವ ಎಳೆ, ಇಲ್ಲಿಯವರೆಗೆ ಬಂದು ಹಸಿರು ಹೊಕ್ಕಿನ ಜೊತೆ ಕೊಂಡಿ ಹಾಕಿಕೊಂಡು ಹಿಂದಕ್ಕೆ ಹೋಗಿದೆ, ಹಸಿರು ತನ್ನ ಅಂಚಿಗೆ ಮರಳಿದೆ. ಒಂದೊಂದು ಸಾಲಿನಲ್ಲೂ ಹೀಗೆಯೇ. ಇದು ಕೊರ್ವೈ ಎಂಬ ನೇಯ್ಗೆ. ಒಡಲಿಗೆ ಒಂದು, ಎರಡು ಅಂಚುಗಳಿಗೆ ಎರಡು, ಒಟ್ಟು ಮೂರು ಲಾಳಿಗಳು ಓಡುತ್ತವೆ. ನೇಕಾರರ ಪಕ್ಕದಲ್ಲಿ ಸಹಾಯಕರೊಬ್ಬರು ಕುಳಿತು ಒಂದು ಬದಿಯ ಅಂಚಿನ ಲಾಳಿಯನ್ನು ನೋಡಿಕೊಳ್ಳುತ್ತಾರೆ. ಎರಡು ಬಣ್ಣದ ಹೊಕ್ಕುಗಳು ಪ್ರತಿ ಸಾಲಿನಲ್ಲೂ ಒಂದೇ ನೇರ ಗೆರೆಯಲ್ಲಿ ಸಂಧಿಸಿದರೆ ಸೀರೆಯ ಎಳೆತವೆಲ್ಲ ಆ ಗೆರೆಯ ಮೇಲೆಯೇ ಬೀಳುತ್ತದೆ. ಸಂಧಿಸುವ ಜಾಗವನ್ನು ಮೆಟ್ಟಿಲು ಮೆಟ್ಟಿಲಾಗಿ ಒಳಕ್ಕೂ ಹೊರಕ್ಕೂ ಸರಿಸುತ್ತ ಹೋದರೆ ಹಿಡಿತ ಹಂಚಿಹೋಗುತ್ತದೆ, ಆ ಮೆಟ್ಟಿಲುಗಳು ತಾವಾಗಿಯೇ ಶಿಖರದ ಆಕಾರ ತಾಳುತ್ತವೆ. ಭಕ್ತಿ ಒಂದು ಕಡೆ, ತಂತ್ರ ಇನ್ನೊಂದು ಕಡೆ ಎಂದು ಇಲ್ಲಿ ಬಿಡಿಸಿ ಹೇಳಲು ಆಗುವುದಿಲ್ಲ. ದೇವಾಲಯಗಳ ಊರಿನಲ್ಲಿ ಕುಳಿತ ನೇಕಾರ ತನ್ನ ಬಟ್ಟೆಯ ಸಂದಿಯನ್ನು ಗಟ್ಟಿ ಮಾಡುತ್ತ ಗೋಪುರವನ್ನು ಕಂಡಿದ್ದಾನೆ.

ಸೆರಗಿನ ಕಡೆ ಬನ್ನಿ. ಒಡಲಿನ ಕೆಂಪು ಮುಗಿದು ಸೆರಗಿನ ಹಸಿರು ತೊಡಗುವಲ್ಲಿ ಬೆರಳಾಡಿಸಿದರೆ ಸ್ವಲ್ಪ ದಪ್ಪನೆಯ ಪಟ್ಟಿ ತಗಲುತ್ತದೆ. ಕೆಂಪು ಹಾಸಿನ, ಅಂದರೆ ಉದ್ದಕ್ಕೆ ಓಡುವ ಎಳೆಗಳ, ಜೊತೆಗೆ ಹಸಿರು ಹಾಸನ್ನು ಸೇರಿಸಿ, ಎರಡನ್ನೂ ಒಟ್ಟಿಗೆ ಕೆಲವು ಸಾಲು ನೇಯ್ದು, ಆಮೇಲೆ ಕೆಂಪು ಎಳೆಗಳನ್ನು ಕತ್ತರಿಸಿದ ಗುರುತು ಅದು; ಪೆಟ್ನಿ ಎನ್ನುತ್ತಾರೆ. ನಮ್ಮ ಇಳಕಲ್‌ನಲ್ಲಿ ಇದೇ ಕೆಲಸವನ್ನು ಹಾಸಿನ ಎಳೆಗಳಿಗೆ ಕೊಂಡಿ ಹಾಕಿ ಸಾಧಿಸುತ್ತಾರೆ. ಅಲ್ಲಿ ಕೆಂಪು ಸೆರಗಿನಲ್ಲಿ ಬಿಳಿಯಲ್ಲಿ ಮೂಡುವ ಆಕಾರಗಳಲ್ಲಿ ಹಣಿಗೆಯಿದೆ, ಕೋಟೆಯ ತೆನೆಯಿದೆ, ಜೋಳದ ತೆನೆಯಿದೆ. ಜೋಳವನ್ನೇ ಉಂಡು ಬದುಕುವ ಸೀಮೆಯಲ್ಲಿ ತೆನೆ ಸೆರಗಿಗೆ ಏರಿರುವುದಕ್ಕೆ ಯಾವ ಶಾಸ್ತ್ರದ ಆಧಾರವೂ ಬೇಕಿಲ್ಲ.

ಅಂಚು ಎಂದರೆ ಗಡಿ. ಬಟ್ಟೆಯಲ್ಲಿ ಮೊದಲು ಸವೆಯುವುದೂ ಅದೇ, ನೆಲಕ್ಕೆ ತಾಗುವುದೂ ಅದೇ. ಹಾಗಾಗಿ ಕಾಯುವಂಥವೂ, ಸಾಲಾಗಿ ನಿಲ್ಲುವಂಥವೂ ಅಂಚಿಗೆ ಹೆಚ್ಚು ಒಗ್ಗುತ್ತವೆ: ಗೋಪುರದ ಸಾಲು, ರುದ್ರಾಕ್ಷಿಯ ಸಾಲು, ಯಾಳಿ, ಮಲ್ಲಿಗೆ ಮೊಗ್ಗಿನ ಸಾಲು, ನವಿಲಿನ ಕಣ್ಣು, ಕೋಗಿಲೆಯ ಕಣ್ಣು. ವಾರಾಣಸಿಯ ಸೀರೆಯ ಅಂಚಿನ ಹೊರಗೆರೆಯ ಮೇಲೆ ನೆಟ್ಟಗೆ ನಿಂತ ಸಣ್ಣ ಎಲೆಗಳ ಸಾಲು ಇರುತ್ತದೆ. ಅಲ್ಲಿಯವರು ಅದನ್ನು ಝಾಲರ್ ಎನ್ನುತ್ತಾರೆ. ಇವುಗಳಲ್ಲಿ ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದು ಕಾಂಚೀಪುರದ ಕೇದಗೆ ಅಂಚು. ಲಿಂಗೋದ್ಭವದ ಕಥೆಯನ್ನು ನೀವು ಬಲ್ಲಿರಿ. ಬೆಂಕಿಯ ಕಂಬದ ತುದಿಯನ್ನು ಕಂಡೆನೆಂದು ಬ್ರಹ್ಮನು ಹೇಳಿದ ಸುಳ್ಳಿಗೆ ಕೇದಗೆ ಸಾಕ್ಷಿ ನುಡಿಯಿತು. ಅಂದಿನಿಂದ ಶಿವಪೂಜೆಗೆ ಅದು ಸಲ್ಲದು. ಏಕಾಂಬರೇಶ್ವರನ ಊರಿನಲ್ಲಿಯೇ, ಗುಡಿಯೊಳಗೆ ಹೋಗಲಾರದ ಹೂವು ಹೆಣ್ಣಿನ ಜಡೆಗೂ ಸೀರೆಯ ಅಂಚಿಗೂ ಬಂದು, ಅದರ ಗರಗಸದಂಥ ಉದ್ದನೆಯ ಎಸಳು ಜರಿಯ ಗೆರೆಗಳಾಗಿ ನಿಂತಿದೆ. ದೇವರಿಗೆ ಸಲ್ಲದ್ದನ್ನು ಹೆಂಗಸರು ಬಿಟ್ಟುಕೊಡಲಿಲ್ಲ. ಮಂಗಳ ಎಂಬುದರ ಲೆಕ್ಕ ಗರ್ಭಗುಡಿಯಲ್ಲಿ ಒಂದು, ಮನೆಯಲ್ಲಿ ಇನ್ನೊಂದು ಎಂಬುದನ್ನು ಈ ಒಂದು ಅಂಚು ಹೇಳುತ್ತದೆ.

ಸೀರೆಗೂ ಗುಡಿಗೂ ಇರುವ ಈ ನಂಟನ್ನು ನೋಡಲು ನೀವು ಕಾಂಚಿಗೇ ಹೋಗಬೇಕಿಲ್ಲ. ನಂದಿ ಗ್ರಾಮದ ಭೋಗನಂದೀಶ್ವರನ ಕಲ್ಯಾಣ ಮಂಟಪಕ್ಕೆ ಹೋಗಿ ಕಂಬಗಳನ್ನು ನೋಡಿ. ಬಳ್ಳಿ, ಹೂವು, ಹಕ್ಕಿಗಳು ಕಲ್ಲಿನ ಮೇಲೆ ಅಂಚು ಕಟ್ಟಿದಂತೆ ಹಬ್ಬಿವೆ. ಅದೇ ಶಿವ ಬೆಟ್ಟದ ಮೇಲೆ ಯೋಗನಂದೀಶ್ವರ. ಅಲ್ಲಿ ಉತ್ಸವವಿಲ್ಲ, ಸಡಗರವಿಲ್ಲ. ಬೆಟ್ಟದ ಕೆಳಗೆ ಗೃಹಸ್ಥನಾದ ದೇವರಿಗೆ ಅಲಂಕಾರ ಧರ್ಮ, ಮೇಲೆ ವಿರಾಗಿಯಾದ ದೇವರಿಗೆ ಅಲಂಕಾರವಿಲ್ಲದಿರುವುದೇ ಧರ್ಮ. ನಮ್ಮ ಸೀರೆಗಳ ವ್ಯಾಕರಣವೂ ಇದೇ. ಚಿತ್ತಾರವು ಬದುಕಿನ ಒಂದು ಘಟ್ಟಕ್ಕೆ ಸೇರಿದ್ದು. ಮದುವೆ, ಸೀಮಂತ, ನಾಮಕರಣಗಳಿಗೆ ಅದು ತುಂಬಿಕೊಳ್ಳುತ್ತದೆ, ಬೇರೆ ಘಟ್ಟದಲ್ಲಿ ಹಿಂದೆ ಸರಿಯುತ್ತದೆ.

ಗೌರಿಬಿದನೂರು ದಾಟಿ ಹಿಂದೂಪುರದ ಕಡೆ ಹೋದರೆ ಅಲ್ಲಿಂದ ಲೇಪಾಕ್ಷಿ ದೂರವಿಲ್ಲ. 16ನೆಯ ಶತಮಾನದಲ್ಲಿ, ವಿಜಯನಗರದ ಅಚ್ಯುತರಾಯನ ಕಾಲದ ಅಧಿಕಾರಿ ವಿರೂಪಣ್ಣನ ಹೆಸರಿನೊಡನೆ ಬೆಸೆದುಕೊಂಡಿರುವ ಆ ದೇವಾಲಯದಲ್ಲಿ ಎರಡು ಜಾಗಗಳನ್ನು ನಿಧಾನವಾಗಿ ನೋಡಬೇಕು. ಒಂದು, ಒಳಛಾವಣಿಯ ವರ್ಣಚಿತ್ರಗಳು. ಅಲ್ಲಿನ ಹೆಂಗಸರ ಸೀರೆಗಳಲ್ಲಿ ಗೆರೆ, ಚೌಕಳಿ, ಹೂಬುಟ್ಟಾ ಎಲ್ಲವೂ ಬಿಡಿಬಿಡಿಯಾಗಿ ಕಾಣುತ್ತವೆ, ಒಬ್ಬಳ ಸೀರೆಯಂತೆ ಇನ್ನೊಬ್ಬಳದಿಲ್ಲ. ಇನ್ನೊಂದು ಲತಾಮಂಟಪ. ಅದರ ಕಂಬಗಳ ಮುಖಗಳ ಮೇಲೆ ಕೆತ್ತಿದ ಬಳ್ಳಿ ಮತ್ತು ಹೂವಿನ ಮಾದರಿಗಳನ್ನು ಧರ್ಮಾವರಂ ಸೀಮೆಯ ನೇಕಾರರು ಇಂದಿಗೂ ಸೀರೆಗೆ ಇಳಿಸಿಕೊಳ್ಳುತ್ತಾರೆ. ಬಟ್ಟೆ ಹರಿದುಹೋಗುತ್ತದೆ; 500 ವರ್ಷದ ಹಿಂದಿನ ಸೀರೆ ಯಾರ ಪೆಟ್ಟಿಗೆಯಲ್ಲಿಯೂ ಸಿಗುವುದಿಲ್ಲ. ಆದರೆ ಅದರ ಅಂಚು ಕಲ್ಲಿನಲ್ಲಿ ಉಳಿದು, ಕಲ್ಲಿನಿಂದ ಮತ್ತೆ ಮಗ್ಗಕ್ಕೆ ಬಂದಿದೆ. ಇಷ್ಟು ಹತ್ತಿರದಲ್ಲಿರುವ ಈ ಮಾದರಿಗಳ ಮುಂದೆ ಕುಳಿತು ನಮ್ಮ ಜಿಲ್ಲೆಯ ಚಿತ್ರಕಲಾ ವಿದ್ಯಾರ್ಥಿಗಳು ರೇಖೆ ತೆಗೆಯುವುದು ಕಡಮೆ ಎಂಬುದು ನನಗೆ ಬೇಸರದ ಸಂಗತಿ.

ಮಾವಿನಕಾಯಿ ಬುಟ್ಟಾದ ವಿಷಯ ಕೋಲಾರ ಸೀಮೆಯಲ್ಲಿ ಹೇಳದೆ ಬಿಡುವಂತಿಲ್ಲ. ಶ್ರೀನಿವಾಸಪುರದ ತೋಪುಗಳನ್ನು ನೋಡಿ ಬೆಳೆದವರಿಗೆ ಸೀರೆಯ ಮೇಲಿನ ಆ ಬಾಗಿದ ಆಕಾರ ಮಾವಿನಕಾಯಿಯೇ ಹೊರತು ಬೇರೆ ಏನೂ ಅಲ್ಲ. ಬಾಗಿಲಿಗೆ ಮಾವಿನ ತೋರಣ, ಕಲಶಕ್ಕೆ ಮಾವಿನೆಲೆ, ಯುಗಾದಿಗೆ ಮಾವಿನಕಾಯಿ ಚಿತ್ರಾನ್ನ. ಹಾಗಿರುವಾಗ ಮದುವೆಯ ಸೀರೆಯಲ್ಲಿ ಮಾವಿರುವುದು ಸಹಜ. ಆದರೆ ಈ ಆಕಾರದ ಒಂದು ಎಳೆ ಬಹಳ ದೂರದಿಂದ ಬಂದದ್ದು. ಮೊಗಲರ ಕಾಲದ ಕಾಶ್ಮೀರದ ಶಾಲುಗಳ ಮೇಲೆ 17ನೆಯ ಶತಮಾನದಲ್ಲಿ ಬೇರುಸಹಿತ ನಿಂತಿದ್ದ ಹೂಗಿಡವು ಕ್ರಮೇಣ ದಟ್ಟವಾಗಿ, ಹೂಗೊಂಚಲಾಗಿ, ಅದರ ತುದಿ ಬಾಗಿ, ಮುಂದಿನ ಶತಮಾನದ ಹೊತ್ತಿಗೆ ನಾವು ಇಂದು ಕಾಣುವ ರೂಪ ತಾಳಿತು. 19ನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಪೈಸ್ಲಿ ಎಂಬ ಪಟ್ಟಣದ ಮಗ್ಗಗಳು ಕಾಶ್ಮೀರಿ ಶಾಲುಗಳನ್ನು ಅನುಕರಿಸಿ ನೇಯ್ದದ್ದರಿಂದ ಪಶ್ಚಿಮದ ಜನ ಇದನ್ನು ಆ ಊರಿನ ಹೆಸರಿನಿಂದಲೇ ಕರೆಯತೊಡಗಿದರು. ವಾರಾಣಸಿಯ ನೇಕಾರರು ಇದನ್ನು ಸೆರಗು ಮತ್ತು ಅಂಚು ಕೂಡುವ ಮೂಲೆಯಲ್ಲಿ ಒಂಟಿಯಾಗಿ ಕೂರಿಸುತ್ತಾರೆ. ಕೋನಿಯಾ ಎಂಬ ಆ ಮೂಲೆಯ ಮಾವು ಉಟ್ಟಾಗ ಭುಜದ ಮೇಲೋ ಬೆನ್ನಿನ ಮೇಲೋ ಎದ್ದು ಕಾಣುತ್ತದೆ. ಕಾಂಚಿಯಲ್ಲಿಯೋ ಮಾವಿಗೆ ತನ್ನದೇ ಸ್ಥಳಪುರಾಣವಿದೆ: ಪಾರ್ವತಿ ತಪಸ್ಸು ಮಾಡಿ ಶಿವನನ್ನು ಪಡೆದದ್ದು ಅಲ್ಲಿನ ಮಾವಿನ ಮರದ ಕೆಳಗೆ. ಹಾಗಾದರೆ ಸೀರೆಯ ಮಾವು ಕಾಶ್ಮೀರದ್ದೋ, ಕಾಂಚಿಯದ್ದೋ, ಶ್ರೀನಿವಾಸಪುರದ್ದೋ? ಆಕಾರ ಸಂಚರಿಸುತ್ತದೆ, ಅರ್ಥವನ್ನು ತಲುಪಿದ ಊರಿನವರು ತುಂಬುತ್ತಾರೆ ಎಂಬುದು ನನ್ನ ತಿಳಿವಳಿಕೆ. ಮೂಲವನ್ನು ಹುಡುಕಿ ಇದು ನಮ್ಮದಲ್ಲ ಎಂದು ಸಾಬೀತುಪಡಿಸುವವರೂ, ಇದೆಲ್ಲ ಅನಾದಿಯಿಂದ ನಮ್ಮದೇ ಎನ್ನುವವರೂ ಸೀರೆಯನ್ನು ಅರ್ಧ ಮಾತ್ರ ನೋಡಿದವರು.

ಹಕ್ಕಿಗಳ ವಿಷಯದಲ್ಲಿ ಎರಡು ಮಾತು ಸಾಕು. ಕಾಂಚಿಯ ಸೀರೆಯಲ್ಲಿ ಬರುವ ಎರಡು ತಲೆಯ ಹಕ್ಕಿ ನಮ್ಮ ಗಂಡಭೇರುಂಡ. ಅಚ್ಯುತರಾಯನ ನಾಣ್ಯಗಳ ಮೇಲೆ ಅದು ಅರಸನ ಬಲದ ಗುರುತು, ಮೈಸೂರು ಅರಸರಿಗೆ ರಾಜಲಾಂಛನ. ವಧುವಿನ ಸೀರೆಗೆ ಬಂದಾಗ ಒಂದೇ ಒಡಲಿಗೆ ಎರಡು ಮುಖವಿರುವ ಆ ಹಕ್ಕಿಯನ್ನು ದಂಪತಿಗಳ ಜೋಡಿಯಾಗಿ ಕಾಣುವುದೂ ಉಂಟು. ಮಹಾರಾಷ್ಟ್ರದ ಪೈಠಣಿಯ ಸೆರಗಿನಲ್ಲಿ ಬಳೆಯ ವೃತ್ತದೊಳಗೆ ನವಿಲುಗಳಿರುತ್ತವೆ, ಅಂಚಿನ ಬಳಿ ಹಸಿರು ಗಿಳಿ ಇರುತ್ತದೆ. ಗಿಳಿ ಮನ್ಮಥನ ವಾಹನ. ಅದೇ ಗಿಳಿ ಮಧುರೆಯ ಮೀನಾಕ್ಷಿಯ ಕೈಯಲ್ಲಿಯೂ ಕುಳಿತಿದೆ. ಪೈಠಣಿಯ ಬಣ್ಣದ ಎಳೆಗಳನ್ನು ಕೈಯಿಂದ ಒಂದಕ್ಕೊಂದು ಸಿಕ್ಕಿಸಿ ನೇಯುವುದರಿಂದ ಮುಂಬದಿಗೂ ಹಿಂಬದಿಗೂ ವ್ಯತ್ಯಾಸ ಕಾಣುವುದೇ ಇಲ್ಲ.

ಚಿತ್ತಾರವನ್ನು ಉಡುವ ಸಮುದಾಯವೇ ತೀರ್ಮಾನಿಸುತ್ತದೆ ಎಂಬುದಕ್ಕೆ ಗುಜರಾತಿನ ಪಾಟಣದ ಪಟೋಲಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಹಾಸು, ಹೊಕ್ಕು ಎರಡನ್ನೂ ನೇಯುವ ಮೊದಲೇ ಲೆಕ್ಕ ಹಾಕಿ, ಗಂಟುಕಟ್ಟಿ ಬಣ್ಣದಲ್ಲಿ ಅದ್ದಿ, ಮಗ್ಗದ ಮೇಲೆ ಎರಡರ ಬಣ್ಣದ ಚುಕ್ಕೆಗಳೂ ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರುವಂತೆ ನೇಯುವ ಸಾಲ್ವಿ ಮನೆತನಗಳ ಈ ಕೆಲಸಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಅದರಲ್ಲಿ ಹೆಣ್ಣು, ಆನೆ, ಗಿಳಿಗಳಿರುವ ನಾರಿಕುಂಜರ ಎಂಬ ಮಾದರಿಯುಂಟು, ಅರಳಿ ಎಲೆಯ ಮಾದರಿಯುಂಟು. ಜೊತೆಗೆ ಬೋಹ್ರಾ ಮುಸಲ್ಮಾನರಿಗಾಗಿಯೇ ನೇಯ್ದ, ಪ್ರಾಣಿಪಕ್ಷಿಗಳಿಲ್ಲದೆ ಬರಿಯ ಹೂವು ಮತ್ತು ಜ್ಯಾಮಿತಿಯ ಆಕಾರಗಳಿರುವ ಮಾದರಿಯೂ ಉಂಟು. ನೇಕಾರ ಒಬ್ಬನೇ, ಮಗ್ಗ ಒಂದೇ; ಉಡುವವರ ನಂಬಿಕೆಗೆ ತಕ್ಕಂತೆ ಚಿತ್ತಾರ ಬದಲಾಯಿತು. ಇದೇ ಪಟೋಲ ಹಡಗೇರಿ ಇಂಡೋನೇಷ್ಯಾದ ದ್ವೀಪಗಳಿಗೆ ಹೋಗಿ ಅಲ್ಲಿ ಉಡುವ ಬಟ್ಟೆಗಿಂತ ಹೆಚ್ಚಾಗಿ ಮನೆತನದ ಪೂಜ್ಯ ವಸ್ತುವಾಗಿ ಉಳಿಯಿತು. ಒಡಿಶಾದಲ್ಲಿ ಪುರಿಯ ಜಗನ್ನಾಥನಿಗೆ ಅರ್ಪಿಸುವ ಖಂಡುವಾ ರೇಷ್ಮೆಯಲ್ಲಿ ಗೀತಗೋವಿಂದದ ಪದ್ಯಗಳನ್ನೇ ನೇಯುತ್ತಾರೆ. ಅಲ್ಲಿ ಅಕ್ಷರವೇ ಚಿತ್ತಾರ.

ಇನ್ನು ಬಣ್ಣ. ಕೆಂಪಿನಿಂದಲೇ ಆರಂಭಿಸೋಣ, ಏಕೆಂದರೆ ತಪ್ಪು ಓದು ಹೆಚ್ಚಾಗಿ ಆಗಿರುವುದು ಅಲ್ಲಿಯೇ. ಕೆಂಪು ಸುಮಂಗಲಿಯ ಬಣ್ಣ, ಕುಂಕುಮದ ಬಣ್ಣ, ವಾರಾಣಸಿಯಿಂದ ಕಾಂಚಿಯವರೆಗೆ ವಧುವಿನ ಬಣ್ಣ. ಇಷ್ಟನ್ನು ಎಲ್ಲರೂ ಬಲ್ಲರು. ಆದರೆ ನಮ್ಮ ಅಜ್ಜಿಯರ ಕಾಲದವರೆಗೂ ಈ ನಾಡಿನ ಬ್ರಾಹ್ಮಣ ಮನೆಗಳಲ್ಲಿ ತಲೆ ಬೋಳಿಸಿಕೊಂಡ ವಿಧವೆಯರು ಉಡುತ್ತಿದ್ದದ್ದೂ ಕೆಂಪು ಮಡಿಸೀರೆಯನ್ನೇ. ಆ ಸೀರೆಗೆ ಎದ್ದುಕಾಣುವ ಅಂಚಿರಲಿಲ್ಲ, ಬುಟ್ಟಾ ಇರಲಿಲ್ಲ, ಜರಿ ಇರಲಿಲ್ಲ. ಹದಿಹರೆಯದಲ್ಲಿಯೇ ಆ ಸೀರೆಯನ್ನು ಉಡಬೇಕಾಗಿ ಬಂದ ಎಷ್ಟೋ ಹೆಣ್ಣುಮಕ್ಕಳ ಬದುಕು ಅಡುಗೆಮನೆಯ ಕತ್ತಲಲ್ಲಿ ಕಳೆದುಹೋಯಿತು. ಒಂದೇ ಮನೆಯ ಒಂದೇ ಜಗಲಿಯಲ್ಲಿ ಮದುಮಗಳ ಕೆಂಪೂ ಸೋದರತ್ತೆಯ ಕೆಂಪೂ ಎದುರುಬದುರಾಗಿ ಕುಳಿತಿದ್ದವು. ಒಂದನ್ನು ಮಂಗಳ, ಇನ್ನೊಂದನ್ನು ಅಮಂಗಳ ಎಂದು ಬೇರೆ ಮಾಡಿದ್ದು ಬಣ್ಣವಲ್ಲ; ಬಣ್ಣದ ಸುತ್ತ ಏನಿತ್ತು, ಏನನ್ನು ಕಿತ್ತುಕೊಳ್ಳಲಾಗಿತ್ತು ಎಂಬುದು. ಕೆಂಪು ಎಂದರೆ ಸೌಭಾಗ್ಯ ಎಂದು ಪಟ್ಟಿಯಲ್ಲಿ ಬರೆಯುವಾಗ ಈ ಕೆಂಪನ್ನು ಬಿಟ್ಟುಬಿಟ್ಟರೆ ನಾವು ಆ ಹೆಂಗಸರಿಗೆ ಎರಡನೆಯ ಬಾರಿ ಅನ್ಯಾಯ ಮಾಡಿದಂತೆ.

ಕೆಂಪಿನ ಮೂಲವನ್ನೂ ನೋಡಬೇಕು. ಕಾಂಚಿಯ ಹಳೆಯ ಸೀರೆಗಳ ಆ ಕಡುಗೆಂಪಿಗೆ ಅರಗಿನ ಹೆಸರಿದೆ. ಅರಗು ಮುತ್ತುಗ, ಬೋರೆಯಂಥ ಮರಗಳ ಕೊಂಬೆಗಳ ಮೇಲೆ ಕೀಟವೊಂದು ಸುರಿಸುವ ಅಂಟು. ಅದನ್ನು ನೀರಿನಲ್ಲಿ ತೊಳೆದಾಗ ಕೆಂಪು ಇಳಿಯುತ್ತದೆ, ಪಟಿಕ ಹಾಕಿದರೆ ಎಳೆಗೆ ಹಿಡಿಯುತ್ತದೆ. ಹತ್ತಿಗಿಂತ ಉಣ್ಣೆಗೂ ರೇಷ್ಮೆಗೂ ಈ ಬಣ್ಣ ಚೆನ್ನಾಗಿ ಒಪ್ಪುತ್ತದೆ. ಒಂದು ಹುಳುವಿನ ಎಳೆಗೆ ಇನ್ನೊಂದು ಹುಳುವಿನ ಬಣ್ಣ. ಗಮನಿಸಬೇಕಾದ ಸಂಗತಿಯೆಂದರೆ, ಬ್ರಾಹ್ಮಣನು ಮಾರಬಾರದ ವಸ್ತುಗಳ ಪಟ್ಟಿಯಲ್ಲಿ ಮನುಸ್ಮೃತಿ ನೀಲಿಯನ್ನೂ ಅರಗನ್ನೂ ಹೆಸರಿಸುತ್ತದೆ. ಮಾರುವವನಿಗೆ ದೋಷ ತರುವ ಅದೇ ಅರಗಿನ ಬಣ್ಣ ಧಾರೆಯ ಮುಹೂರ್ತಕ್ಕೆ ಶ್ರೇಷ್ಠ. ಬಣ್ಣ ಹಾಕುವ ಕೈಗೆ ಅಂಟಿಸಿದ ಮೈಲಿಗೆ ಬಟ್ಟೆಗೆ ಅಂಟಲಿಲ್ಲ. ಬಣ್ಣದ ಸಂಕೇತಗಳನ್ನು ಮೆಚ್ಚಿಕೊಳ್ಳುವಾಗ ನೀಲಿಯ ತೊಟ್ಟಿಯಲ್ಲಿ ಮೊಣಕೈವರೆಗೆ ಅದ್ದಿ ದುಡಿದವರನ್ನು ಸಮಾಜ ಎಲ್ಲಿ ನಿಲ್ಲಿಸಿತ್ತು ಎಂಬುದನ್ನೂ ಕೇಳಿಕೊಳ್ಳಬೇಕು.

ಕಪ್ಪು ಮದುವೆಗೆ ಸಲ್ಲದು ಎಂದು ನಮ್ಮ ಸೀಮೆಯ ಹಿರಿಯರು ಖಂಡಿತವಾಗಿ ಹೇಳುತ್ತಾರೆ. ಆದರೆ ಇಳಕಲ್ ಸೀಮೆಯಲ್ಲಿ ಚಂದ್ರಕಾಳಿ ಎಂಬ ಕಪ್ಪು ಸೀರೆ ಗೌರವದ ಸೀರೆ, ಅದರ ಮೇಲೆ ಕಸೂತಿಯ ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿಯ ಆನೆಗಳು ಏಳುತ್ತವೆ; ಮಹಾರಾಷ್ಟ್ರದ ಹೊಸ ಸೊಸೆ ಮೊದಲ ಸಂಕ್ರಾಂತಿಗೆ ಕಪ್ಪನ್ನೇ ಉಡುತ್ತಾಳೆ. ಬಿಳಿಯೂ ಹೀಗೆಯೇ. ನಮ್ಮ ಜಿಲ್ಲೆಯ ತೆಲುಗು ಮನೆಮಾತಿನ ಕುಟುಂಬಗಳಲ್ಲಿ ಮದುವೆಯ ಮಧುಪರ್ಕದ ಬಟ್ಟೆ ಬಿಳಿ, ಅಂಚು ಕೆಂಪು, ಅದಕ್ಕೆ ಅರಿಶಿನ ತಾಗಿಸಿರುತ್ತಾರೆ. ಬಂಗಾಳದಲ್ಲಿ ಪೂಜೆಗೆ ಉಡುವ ಗರದ್ ಸೀರೆ ಬಣ್ಣ ಹಾಕದ ರೇಷ್ಮೆ, ಅಂಚು ಮಾತ್ರ ಕೆಂಪು. ಅಂದರೆ ಬಿಳಿಯನ್ನು ಮಂಗಳವಾಗಿಸುವುದು ಅಂಚಿನ ಕೆಂಪು ಗೆರೆ. ಒಡಲಿನ ಬಣ್ಣವನ್ನು ಅಂಚಿನಿಂದ ಬೇರ್ಪಡಿಸಿ ಓದಲಾಗದು. ಸೀಮಂತದ ಹಸಿರು ಸೀರೆ, ಹಸಿರು ಬಳೆಗಳ ಅರ್ಥವನ್ನು ಹಿಪ್ಪುನೇರಳೆ ತೋಟವಿರುವ ಯಾರಿಗೂ ವಿವರಿಸಬೇಕಿಲ್ಲ.

ನನಗೆ ಬಹಳ ಪ್ರಿಯವಾದ ಬಣ್ಣ ಯಾವ ತೊಟ್ಟಿಯಲ್ಲಿಯೂ ಸಿಗುವುದಿಲ್ಲ. ಹಾಸಿಗೆ ನೀಲಿ, ಹೊಕ್ಕಿಗೆ ಹಸಿರು ಹಾಕಿ ನೇಯ್ದರೆ ಬಟ್ಟೆ ಮಡಿಸಿದ ಕಡೆ ಒಂದು ಬಣ್ಣ, ಬೆಳಕು ಬಿದ್ದ ಕಡೆ ಇನ್ನೊಂದು ಬಣ್ಣ ತೋರುತ್ತದೆ. ಅದು ನವಿಲಿನ ಕತ್ತಿನ ಬಣ್ಣ. ನವಿಲಿನ ಒಂದು ಚಿತ್ರವೂ ಇಲ್ಲದ ಸೀರೆಯಲ್ಲಿ ನವಿಲು ಹಾಗೆ ಇರುತ್ತದೆ. 1912ರಲ್ಲಿ ಅರಸರ ಕಾಲದಲ್ಲಿ ಆರಂಭವಾದ ಕಾರ್ಖಾನೆಯಿಂದ ಹೆಸರಾದ ಮೈಸೂರು ರೇಷ್ಮೆ ಸೀರೆಯೂ ಚಿತ್ತಾರವನ್ನು ಹೆಚ್ಚು ನೆಚ್ಚಿಕೊಂಡದ್ದಲ್ಲ. ಸಾದಾ ಒಡಲು, ಜರಿಯ ಅಂಚು, ಮಾತನಾಡುವುದೆಲ್ಲ ಬಣ್ಣ.

ರಾಸಾಯನಿಕ ಬಣ್ಣಗಳು ಈ ಲೋಕವನ್ನು ಅಲುಗಾಡಿಸಿದವು. ಮಂಜಿಷ್ಠ ಜಾತಿಯ ಗಿಡಗಳ ಬೇರಿನ ಕೆಂಪಿಗೆ ಸಮನಾದ ಬಣ್ಣವನ್ನು ಜರ್ಮನಿಯಲ್ಲಿ 1868ರಲ್ಲಿ ತಯಾರಿಸಿದರು. ಕೃತಕ ನೀಲಿ 1897ರಲ್ಲಿ ಮಾರುಕಟ್ಟೆಗೆ ಬಂದಿತು. ಒಂದು ಸೀಮೆಯ ಬೇರು, ತೊಗಟೆ, ಕೀಟಗಳಿಗೆ ಕಟ್ಟುಬಿದ್ದಿದ್ದ ಬಣ್ಣ ಎಲ್ಲಿ ಬೇಕಾದರೂ ಡಬ್ಬಿಯಲ್ಲಿ ಸಿಗತೊಡಗಿತು. ಇದನ್ನು ನಷ್ಟ ಎಂದಷ್ಟೇ ಹೇಳಲಾರೆ. ಹಿಂದೆ ಉಳ್ಳವರಿಗೆ ಮಾತ್ರ ಸಿಗುತ್ತಿದ್ದ ಕೆಂಪು ಎಲ್ಲ ಮನೆಯ ಮದುಮಗಳಿಗೂ ಸಿಕ್ಕಿತು.

ಉಪನ್ಯಾಸದ ಬಳಿಕ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ.

ವಿದ್ಯಾರ್ಥಿನಿಯೊಬ್ಬರು, ಈಗ ಕಂಪ್ಯೂಟರಿನಲ್ಲಿ ಬಿಡಿಸಿ, ರಂಧ್ರ ಕೊರೆದ ಹಲಗೆಗಳಿಂದ ಚಿತ್ತಾರ ಮೂಡಿಸುವ ಜಕಾರ್ಡ್ ಯಂತ್ರದಲ್ಲಿ ನೇಯುವ ಹೊಸ ವಿನ್ಯಾಸಗಳಿಗೆ ಅರ್ಥವಿಲ್ಲವೇ ಎಂದು ಕೇಳಿದರು. ಇದೆ. ಬಂಗಾಳದ ಬಾಲುಚರಿ ಸೀರೆಗಳ ಸೆರಗಿನಲ್ಲಿ ದೊಡ್ಡ ಮಾವಿನಕಾಯಿಯ ಸುತ್ತ ಚೌಕಗಳಿರುತ್ತವೆ. ಹಳೆಯ ಸೀರೆಗಳ ಆ ಚೌ‌ಕಗಳಲ್ಲಿ ಹುಕ್ಕಾ ಸೇದುವ ನವಾಬರಿದ್ದಾರೆ, ಟೊಪ್ಪಿಗೆ ಹಾಕಿದ ಐರೋಪ್ಯರಿದ್ದಾರೆ, ರೈಲುಗಾಡಿಯೂ ಇದೆ. ತನ್ನ ಕಣ್ಣೆದುರು ಬಂದ ಹೊಸದನ್ನು ಆ ನೇಕಾರ ದೇವರ ಕಥೆಯಷ್ಟೇ ಶ್ರದ್ಧೆಯಿಂದ ನೇಯ್ದ. ಆ ಪರಂಪರೆ ಮುರ್ಶಿದಾಬಾದಿನಲ್ಲಿ ನಿಂತುಹೋಗಿ, 20ನೆಯ ಶತಮಾನದಲ್ಲಿ ಬಿಷ್ಣುಪುರದಲ್ಲಿ ಮರುಹುಟ್ಟು ಪಡೆಯಿತು; ಇಂದು ಅಲ್ಲಿ ಹೆಚ್ಚಾಗಿ ರಾಮಾಯಣ, ಮಹಾಭಾರತದ ದೃಶ್ಯಗಳಿವೆ. ಹಾಗಾಗಿ ಹೊಸತನ ದೋಷವಲ್ಲ. ನೇಯುವವರಿಗೆ ಚಿತ್ತಾರದ ಮೇಲೆ ಮಾತಿಲ್ಲದಂತಾದಾಗ, ಯಾರೋ ಕಳಿಸಿದ ರಂಧ್ರದ ಹಲಗೆಯನ್ನು ಅವರು ಸುಮ್ಮನೆ ಓಡಿಸಬೇಕಾದಾಗ ಬಟ್ಟೆಯ ಮೇಲಿನ ನವಿಲು ಮೂಕವಾಗುತ್ತದೆ.

ಇನ್ನೊಬ್ಬ ತಾಯಿ ಕೇಳಿದ ಪ್ರಶ್ನೆ ನನ್ನನ್ನು ಹೆಚ್ಚು ತಟ್ಟಿತು. ಹಳೆಯ ಜರಿ ಸೀರೆ ಕೊಳ್ಳುವವರು ಬೀದಿಗೆ ಬರುತ್ತಾರೆ, ಅಮ್ಮನ ಸೀರೆ ಮಡಿಕೆಯಲ್ಲೆಲ್ಲ ಸೀಳಿದೆ, ಇಟ್ಟು ಏನು ಮಾಡಲಿ ಎಂದರು. ಅಪ್ಪಟ ಜರಿಯೆಂದರೆ ರೇಷ್ಮೆ ಎಳೆಗೆ ಬೆಳ್ಳಿಯ ತಂತಿ ಸುತ್ತಿ ಮೇಲೆ ಚಿನ್ನದ ಲೇಪ ಕೊಟ್ಟದ್ದು. ಒಳಗಿನ ಎಳೆಗೆ ಸಾಮಾನ್ಯವಾಗಿ ಕೆಂಪು ಬಣ್ಣ ಹಾಕಿರುತ್ತಾರೆ, ಕೆರೆದು ನೋಡಿದರೆ ಕಾಣುತ್ತದೆ. ಕೊಂಡವರು ಸೀರೆಯನ್ನು ಸುಟ್ಟು ಆ ಬೆಳ್ಳಿಯನ್ನು ತೆಗೆಯುತ್ತಾರೆ. ಮನೆಯ ಕಷ್ಟಕ್ಕೆ ಆ ಹಣ ಬೇಕಾಗಬಹುದು, ಕೊಡಬೇಡಿ ಎನ್ನುವ ಅಧಿಕಾರ ನನಗಿಲ್ಲ. ಕೊಡುವ ಮೊದಲು ಹಗಲಿನ ಬೆಳಕಿನಲ್ಲಿ ಸೀರೆಯನ್ನು ಹರಡಿ ಮೊಬೈಲಿನಲ್ಲಿ ಸೆರಗಿನ, ಒಡಲಿನ, ಅಂಚಿನ ಎರಡೂ ಬದಿಯ ಮತ್ತು ಪೆಟ್ನಿಯ ಗೆರೆಯ ಚಿತ್ರಗಳನ್ನು ತೆಗೆದಿಟ್ಟುಕೊಳ್ಳಿ. ಅಂಚಿನ ಒಂದು ತುಂಡನ್ನಾದರೂ ಕತ್ತರಿಸಿ, ಬಿಳಿಯ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಅದರ ಜೊತೆಗೆ ಒಂದು ಹಾಳೆಯಲ್ಲಿ ಆ ಸೀರೆ ಯಾವ ಊರಿನದು, ಯಾರ ಮದುವೆಗೆ ತಂದದ್ದು, ತೌರಿನವರು ಕೊಟ್ಟದ್ದೋ ಅತ್ತೆಮನೆಯವರದ್ದೋ, ಆ ಬಣ್ಣವನ್ನು ಆರಿಸಿದವರು ಯಾರು, ಅಮ್ಮ ಅದನ್ನು ಯಾವ ಯಾವ ಹಬ್ಬಕ್ಕೆ ಉಟ್ಟರು, ಯಾವಾಗ ಉಡುವುದನ್ನು ನಿಲ್ಲಿಸಿದರು, ಏಕೆ ನಿಲ್ಲಿಸಿದರು ಎಂಬುದನ್ನು ನಿಮಗೆ ತಿಳಿದಷ್ಟು ಬರೆದಿಡಿ.